ದಾಂಡೇಲಿ ಕಾಡಿನ ಹಳೇ ಫಾರೆಸ್ಟ್ ಬಂಗ್ಲೆಯಲ್ಲಿ ಎರಡು ರಾತ್ರಿ: 72ರ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಮಾಳಮಡ್ಡಿ ಮಗಳು (ಡಿಸೆಂಬರ್ 6)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನಮ್ಮ ಅಪ್ಪನಿಗೆ ಈಗ 72. ಊರು ಕಲಘಟಗಿ ಕಡೆ. ನಮ್ಮ ಅಜ್ಜ ಚಕ್ಕಡಿ ಹೊಡೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕೆಲಸ ಇರುತ್ತಿರಲಿಲ್ಲ, ಎತ್ತು ಹೂಡಿಕೊಂಡು ದಾಂಡೇಲಿ ಕಾಡಿಗೆ ನಾಟಾ ಎಳೆಯಲು ಹೋಗುತ್ತಿದ್ದರು. ಅಪ್ಪ ಎಂಟೊಂಬತ್ತು ವರ್ಷದವರಿದ್ದಾಗ ಎರಡು ಬೇಸಿಗೆ ಅವರ ಜೊತೆ ಹೋಗಿದ್ದರಂತೆ. ದಾರಿಯಲ್ಲಿ ಬ್ರಿಟಿಷರ ಕಾಲದ್ದೊಂದು ಫಾರೆಸ್ಟ್ ಬಂಗ್ಲೆ. ಗಾಡಿ ಬಿಡುತ್ತಿದ್ದದ್ದು ಅದರ ಹಿಂದಿನ ಮಾವಿನ ಮರದ ಕೆಳಗೆ. ಸಾಹೇಬರು ಕ್ಯಾಂಪ್‌ಗೆ ಬಂದರೆ ನೀರು ಹೊರಲು ಗಾಡಿಯವರ ಹುಡುಗರನ್ನೇ ಕರೆಯುತ್ತಿದ್ದರಂತೆ. ಒಳಗೆ ಮಾತ್ರ ಕಾಲಿಡುವ ಹಾಗಿರಲಿಲ್ಲ.

ಹೋದ ವಾರ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ಆ ಬಂಗ್ಲೆ ಇನ್ನೂ ಐತೇನವಾ? ಒಂದ್ ಸಲ ಒಳಗ ಮಲಗಬೇಕಲ್ಲ" ಅಂದರು. ನಮ್ಮ ಅಪ್ಪ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ದೀಪಾವಳಿಗೆ ಅಂಗಿ ತಂದರೂ "ಯಾಕ್ ತಂದಿ" ಅನ್ನುವವರು.

ವಿಚಾರಿಸಿದೆ. ಬಂಗ್ಲೆ ಇದೆಯಂತೆ. ದಾಂಡೇಲಿಯಿಂದ ಕುಳಗಿ ಕಡೆ ಹೋಗುವ ದಾರಿಯಿಂದ ಒಳಗೆ. ಈಗ ನನ್ನ ಪ್ರಶ್ನೆ ಇಷ್ಟು. ನಮ್ಮಂಥವರಿಗೆ ಕೊಡ್ತಾರಾ? ಅಪ್ಪನಿಗೆ ಬಿಪಿ ಇದೆ, ಮೊಣಕಾಲು ನೋವಿದೆ, ಬಚ್ಚಲು ಎಲ್ಲಾ ಹೇಗಿರುತ್ತೆ? ಜನವರಿ ಸರೀನಾ? ನನ್ನ ಗಂಡ ಮೊದಲಿಂದಲೂ "ರಿಸಾರ್ಟ್ ಬುಕ್ ಮಾಡು, ಬಂಗ್ಲೆ ಮುಂದೆ ನಿಂತು ಫೋಟೊ ತೆಗೆದುಕೊಂಡು ಬರೋಣ" ಅನ್ನುತ್ತಿದ್ದಾರೆ.

ಹಳೇಹುಬ್ಬಳ್ಳಿ ಹುಡುಗ

ಅಕ್ಕಾರೆ, ನಿಮ್ಮ ಮನೆಯವರು ಹೇಳಿದ್ದೇ ಸರಿ. ರಿಸಾರ್ಟ್‌ನಲ್ಲಿ ಬಿಸಿನೀರು, ಎಸಿ, ಮೂರು ಹೊತ್ತು ಊಟ. ವಯಸ್ಸಾದವರನ್ನು ಹಾಳು ಬಂಗ್ಲೆಗೆ ಕರೆದುಕೊಂಡು ಹೋಗಿ ಯಾಕೆ ತೊಂದರೆ ಕೊಡ್ತೀರಿ?

ಉಣಕಲ್ ಕೆರೆ

@ಹಳೇಹುಬ್ಬಳ್ಳಿ ಹುಡುಗ, ಪ್ರಶ್ನೆ ಓದಿದ್ದೀರಾ? ಅವರ ಅಪ್ಪ ಕೇಳಿದ್ದು ಎಸಿ ಅಲ್ಲ.

ಅಕ್ಕಾರೆ, ಕೊಡ್ತಾರೆ. ಆದರೆ ಎರಡು ಬೇರೆ ಬೇರೆ ವಿಷಯ ಇವೆ, ಜನ ಕಲಸಿಬಿಡ್ತಾರೆ. ಕುಳಗಿಯಲ್ಲಿ ಇರೋದು ನೇಚರ್ ಕ್ಯಾಂಪ್. ಟೆಂಟು, ಕಾಟೇಜು ಇವೆ, ಪ್ರವಾಸಿಗರಿಗಂತಲೇ ಮಾಡಿದ್ದು. ಅದು ಸುಲಭ. ನೀವು ಹೇಳುತ್ತಿರುವುದು ಅರಣ್ಯ ಇಲಾಖೆಯ ವಿಶ್ರಾಂತಿ ಗೃಹ, ಜನರ ಬಾಯಲ್ಲಿ ಐಬಿ. ಅದು ಮೊದಲಿಗೆ ಡ್ಯೂಟಿ ಮೇಲೆ ಬರುವ ಅಧಿಕಾರಿಗಳಿಗೆ. ಖಾಲಿ ಇದ್ದರೆ ನಮಗೆ. ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಕಚೇರಿಗೆ ಬರೆದು ಕೇಳಬೇಕು. ಬರುವವರೆಲ್ಲರ ಆಧಾರ್ ನಕಲು, ಗಾಡಿ ನಂಬರ್, ಯಾವ ತಾರೀಖು ಅಂತ ಬರೆಯಿರಿ. ಆದೇಶದ ಕಾಗದ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೊಬೈಲ್‌ನಲ್ಲಿದೆ ಅಂತ ಹೋದರೆ ಗೇಟ್ ಹತ್ತಿರ ನೆಟ್‌ವರ್ಕ್ ಇರಲ್ಲ, ನಿಂತುಕೊಳ್ಳಬೇಕಾಗುತ್ತೆ. ನಾನು ನಿಂತಿದ್ದೇನೆ.

ಧಾರವಾಡದಿಂದ ಹಳಿಯಾಳ ಮೇಲೆ ದಾಂಡೇಲಿಗೆ ಸುಮಾರು 55 ಕಿ.ಮೀ. ಅಪ್ಪನಿಗೆ ಪ್ರಯಾಣ ಕಷ್ಟ ಆಗಲ್ಲ.

ಬ್ಯಾಡಗಿ ಖಾರ

ಖಾಲಿ ಇದ್ದರೆ ನಮಗೆ ಅನ್ನೋ ಮಾತು ಬಂತಲ್ಲ, ಅದರ ಮೇಲೆ ನನ್ನದೊಂದು ಕಥೆ. ಎಲ್ಲಿ ಅಂತ ಹೇಳಲ್ಲ. ದಾಂಡೇಲಿ ಅಲ್ಲ, ಬೇರೆ ಜಿಲ್ಲೆ. ಆದೇಶ ಕೈಯಲ್ಲಿತ್ತು, ದುಡ್ಡು ಕಟ್ಟಿದ್ದೆವು. ರಾತ್ರಿ ಒಂಬತ್ತೂವರೆಗೆ ರೊಟ್ಟಿ ಬಿಚ್ಚಿ ಕೂತಿದ್ದೇವೆ, ಜೀಪ್ ಬಂತು. "ಸಾಹೇಬರ ಬೀಗರು ಬರ್ತಾರೆ, ಒಂದು ರೂಮ್ ಬಿಟ್ಟುಕೊಡಿ." ಇದ್ದದ್ದೇ ಎರಡು ರೂಮು. ನಾವು ಎಂಟು ಜನ ಒಂದೇ ರೂಮಿನಲ್ಲಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಪಕ್ಕದ ರೂಮಿಗೆ ಯಾರೂ ಬಂದೇ ಇಲ್ಲ! ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

ನಮ್ಮ ಅತ್ತಿ ಇವತ್ತಿಗೂ ಮದುವೆ ಮನೆಗಳಲ್ಲಿ ಈ ಕಥೆ ಹೇಳುತ್ತಾರೆ.

ಹಳೇಹುಬ್ಬಳ್ಳಿ ಹುಡುಗ

ಅದಕ್ಕೇ ಹೇಳಿದ್ದು ರಿಸಾರ್ಟ್ ಅಂತ.

ಗದಗಿನ ಗಾಳಿ

ಎಲ್ಲರೂ ದಾಂಡೇಲಿ ದಾಂಡೇಲಿ ಅಂತ ಓಡ್ತೀರಿ. ನಮ್ಮ ಕಪ್ಪತಗುಡ್ಡ ಏನು ಪಾಪ ಮಾಡಿದೆ? 2019ರಲ್ಲಿ ವನ್ಯಜೀವಿ ಧಾಮ ಆಗಿದೆ. 244 ಚದರ ಕಿ.ಮೀ. ಕಿರುಬ ಇದೆ, ತೋಳ ಇದೆ, ಕೊಂಡುಕುರಿ ಇದೆ. ಔಷಧಿ ಗಿಡ ಎಷ್ಟು ಬೇಕು ಅಷ್ಟು. ಗಾಳಿಯಂತೂ ಕೇಳಲೇಬೇಡಿ.

ಉಣಕಲ್ ಕೆರೆ

ಕಪ್ಪತಗುಡ್ಡಕ್ಕೆ ನೂರು ಸಲ ಕೈ ಮುಗಿಯುತ್ತೇನೆ. ಆದರೆ ಅವರ ಅಜ್ಜ ನಾಟಾ ಎಳೆದದ್ದು ಕಪ್ಪತಗುಡ್ಡದಿಂದ ಅಲ್ಲವಲ್ಲ ಮಾರಾಯರೆ. ಅಲ್ಲಿರೋದು ಕುರುಚಲು ಕಾಡು. ಸಾಗವಾನಿ ತುಂಡು ಎಲ್ಲಿಂದ ತರೋಣ?

ಗದಗಿನ ಗಾಳಿ

ಸುಮ್ನೆ ಹೇಳಿದೆ. ನಮ್ಮದನ್ನು ನಾವು ಹೇಳದಿದ್ದರೆ ಯಾರು ಹೇಳ್ತಾರೆ. (ಜೂನ್-ಜುಲೈನಲ್ಲಿ ಬನ್ನಿ, ಗುಡ್ಡ ಹಸಿರಾಗಿರುತ್ತೆ.)

ನಿವೃತ್ತ ಗುಂಗರಗಟ್ಟಿ

ತಂಗಿ, ನಿನ್ನ ಪೋಸ್ಟ್ ಓದಿ ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಾನು ಇಲಾಖೆಯಲ್ಲಿದ್ದವನು. ಹೆಚ್ಚು ವರ್ಷ ಹಳಿಯಾಳ, ದಾಂಡೇಲಿ ಕಡೆ ಕಳೆದೆ. ಕೊನೆಗೆ ಗುಂಗರಗಟ್ಟಿಯ ಅರಣ್ಯ ಅಕಾಡೆಮಿ ಹತ್ತಿರ ಮನೆ ಮಾಡಿಕೊಂಡು ಉಳಿದೆ. ಈ ಬಂಗ್ಲೆಗಳಲ್ಲಿ ನಾನು ಕಳೆದ ರಾತ್ರಿಗಳು ನನ್ನ ಮನೆಯವಳ ಪ್ರಕಾರ ಮನೆಯಲ್ಲಿ ಕಳೆದದ್ದಕ್ಕಿಂತ ಜಾಸ್ತಿ.

ಜನ ಇವನ್ನು ಸಾಹೇಬರ ಮೋಜಿನ ಮನೆ ಅಂದುಕೊಳ್ತಾರೆ. ಹಾಗಲ್ಲ. ಆಗ ಅಧಿಕಾರಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಹಾಗಿರಲಿಲ್ಲ. ಕುದುರೆ ಮೇಲೆ ಹೋಗಬೇಕು, ಇಲ್ಲವೇ ನಡೆಯಬೇಕು. ಹಾಸಿಗೆ, ಪಾತ್ರೆ, ಕಾಗದಪತ್ರ ಎಲ್ಲ ಹಿಂದೆ ಚಕ್ಕಡಿಯಲ್ಲಿ. ಆ ಚಕ್ಕಡಿ ಒಂದು ದಿನಕ್ಕೆ ಎಷ್ಟು ದೂರ ಹೋಗುತ್ತೋ ಅಷ್ಟು ದೂರಕ್ಕೊಂದು ಬಂಗ್ಲೆ. ಹಳೇ ಐಬಿಗಳು ಹಾಗೇ ಸಾಲಾಗಿ ಕೂತಿರುವುದು ಎತ್ತಿನ ಕಾಲಿನ ಲೆಕ್ಕದಲ್ಲಿ.

ಕಟ್ಟಿದ ರೀತಿ ನೋಡು. ಕಟ್ಟೆ ಎತ್ತರ, ಯಾಕೆಂದರೆ ಗೆದ್ದಲು, ಹಾವು, ಮಳೆನೀರು. ಸುತ್ತ ಅಗಲ ವರಾಂಡಾ, ಗೋಡೆಗೆ ಮಳೆ ಬಡಿಯಬಾರದು. ಅಡುಗೆಮನೆ ಇಪ್ಪತ್ತು ಮೂವತ್ತು ಹೆಜ್ಜೆ ದೂರ, ಒಲೆಯ ಕಿಡಿ ಹಾರಿದರೆ ಬಂಗ್ಲೆಗೆ ತಾಗಬಾರದು. ಅದಕ್ಕೇ ಸಾಹೇಬರಿಗೆ ಯಾವತ್ತೂ ಬಿಸಿ ಊಟ ಸಿಗುತ್ತಿರಲಿಲ್ಲ! ಕೆಲವು ಕಡೆ ಬಾಗಿಲ ಮೇಲೆ ಗೋಡೆಯಲ್ಲಿ ಒಂದು ತೂತು ಕಾಣುತ್ತೆ. ಪಂಖಾದ ಹಗ್ಗ ಹೊರಗೆ ಹೋಗಲು. ಹೊರಗೆ ಒಬ್ಬ ಕೂತು ರಾತ್ರಿಯೆಲ್ಲ ಎಳೆಯಬೇಕು.

ಮತ್ತೊಂದು. ಬಚ್ಚಲಿಗೆ ಎರಡು ಬಾಗಿಲು ಇರುತ್ತವೆ. ಒಂದು ಮಲಗುವ ಕೋಣೆಯಿಂದ. ಇನ್ನೊಂದು ನೇರ ಹೊರಗಿನಿಂದ. ನೀರು ಹೊತ್ತು ತರುವವರು, ಕಮೋಡಿನ ಪಾತ್ರೆ ತೆಗೆಯುವವರು ಕೋಣೆ ತುಳಿಯಬಾರದು ಅಂತ ಆ ಬಾಗಿಲು. ನಿಮ್ಮ ಅಪ್ಪ ನೀರು ಹೊತ್ತಿದ್ದರೆ ಅವರಿಗೆ ಆ ಬಾಗಿಲು ಗೊತ್ತಿರಲೇಬೇಕು.

ಕರೆದುಕೊಂಡು ಹೋಗು ತಂಗಿ. ಮುಂದೂಡಬೇಡ.

ಮಾಳಮಡ್ಡಿ ಮಗಳು

ಸರ್, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಎಲ್ಲದಕ್ಕೂ "ಹೂಂ, ಹೂಂ" ಅಂದರು. ಹೊರಗಿನ ಬಾಗಿಲ ವಿಷಯ ಬಂದಾಗ ಮಾತ್ರ, "ಹಸರ ಬಣ್ಣ. ಕೆಳಗಿನ ಹಲಗಿ ಮುರದಿತ್ತು" ಅಂದರು. ಆಮೇಲೆ ಪೇಪರ್ ಓದಲು ಕೂತರು.

ಹಾವೇರಿ ಮಾಸ್ತರ

ನಿವೃತ್ತ ಸರ್ ಬರೆದದ್ದು ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಆ ಬಂಗ್ಲೆಗಳು ಯಾಕೆ ಬಂದವು ಅನ್ನೋದನ್ನೂ ಹೇಳಬೇಕಲ್ಲ. ಸಾಗವಾನಿಗೆ. ಮೊದಲು ಹಡಗಿಗೆ, ಆಮೇಲೆ ರೈಲಿಗೆ. ಮುಂಬೈ ಪ್ರಾಂತ್ಯಕ್ಕೆ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಬಂದದ್ದು 1847ರಲ್ಲಿ, ಅಲೆಕ್ಸಾಂಡರ್ ಗಿಬ್ಸನ್. ಉತ್ತರ ಕನ್ನಡ ಆಗಿನ್ನೂ ಮದರಾಸಿನ ಕೈಯಲ್ಲಿತ್ತು. 1862ರಲ್ಲಿ ಮುಂಬೈಗೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಸೊಪ್ಪು ಕಡಿದರೂ ಅಪರಾಧ, ದನ ಮೇಯಿಸಿದರೂ ಅಪರಾಧ. ಆ ವರಾಂಡಾದಲ್ಲೇ ಮೇಜು ಹಾಕಿ ರೈತರಿಗೆ ದಂಡ ಹಾಕುತ್ತಿದ್ದರು. ಈಗ ನಾವು ಅಲ್ಲೇ ಕೂತು ಚಹಾ ಕುಡಿದು "ಆಹಾ ಎಂಥ ಜಾಗ" ಅನ್ನುತ್ತೇವೆ.

ನಿವೃತ್ತ ಗುಂಗರಗಟ್ಟಿ

ಮಾಸ್ತರ್, ಒಪ್ಪಿದೆ. ದಂಡ ಹಾಕಿದ ರಿಜಿಸ್ಟರ್‌ಗಳನ್ನು ನಾನೇ ಧೂಳು ಕೊಡವಿ ನೋಡಿದ್ದೇನೆ. ಆದರೆ ಒಂದು ಮಾತು. ಈಗ ಆ ಕಟ್ಟಡ ಬೀಳಿಸಿದರೆ ದಂಡ ಕಟ್ಟಿದ ರೈತರಿಗೆ ದುಡ್ಡು ವಾಪಸ್ ಬರುತ್ತಾ?

ಹಾವೇರಿ ಮಾಸ್ತರ

ಬೀಳಿಸಿ ಅಂತ ನಾನೆಲ್ಲಿ ಹೇಳಿದೆ? ಒಳಗೆ ಹೋಗುವಾಗ ಗೊತ್ತಿರಲಿ ಅಂದೆ. ಈ ಅಕ್ಕನ ಅಪ್ಪನಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ, ಅದು ಬೇರೆ.

ನುಗ್ಗಿಕೇರಿ ಭಕ್ತ

ರೈಲಿನ ಮಾತು ಬಂತು ಅಂತ ಹೇಳ್ತೀನಿ. 2019ರಲ್ಲಿ ಅಳ್ನಾವರ–ಅಂಬೇವಾಡಿ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಶುರುವಾದಾಗ ಸುಮ್ನೆ ಹೋಗಿ ಬರೋಣ ಅಂತ ಹತ್ತಿದ್ದೆ. ಎಷ್ಟು ನಿಧಾನ ಅಂದರೆ ಒಬ್ಬರು ಕಿಟಕಿಯಲ್ಲಿ ಕೂತು ಕಡಲೆಕಾಯಿ ಸುಲಿದು ಮೊಮ್ಮಗನಿಗೆ ಅರ್ಧ ಕೆಜಿ ತಿನ್ನಿಸಿದರು. ಆ ಹಳಿ ಹಾಕಿದ್ದೇ ಮರ ಸಾಗಿಸಲು.

ಲೋಂಡಾ ಲೈನ್

ರೈಲು ಅಂದರೆ ಕ್ಯಾಸಲ್‌ರಾಕ್. ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆಯವರು. 1961ರಲ್ಲಿ ಗೋವಾ ಬಿಡುಗಡೆ ಆಗುವವರೆಗೆ ಕ್ಯಾಸಲ್‌ರಾಕ್ ಅಂದರೆ ದೇಶದ ಗಡಿ. ಅಲ್ಲಿಂದ ಕೆಳಗೆ ಪೋರ್ಚುಗೀಸರದ್ದು. ಸ್ಟೇಷನ್‌ನಲ್ಲಿ ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುತ್ತಿರಲಿಲ್ಲವಂತೆ, ಇಂಜಿನ್ ಪಕ್ಕ ಹಿಡಿದು ಒಣಗಿಸುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಎಷ್ಟು ನಿಜವೋ, ಅಜ್ಜನ ಬಾಯಿ ಸ್ವಲ್ಪ ದೊಡ್ಡದು.

ದಯವಿಟ್ಟು ಯಾರೂ ದೂಧಸಾಗರಕ್ಕೆ ಹಳಿ ಮೇಲೆ ನಡೆದು ಹೋಗಬೇಡಿ. ರೈಲ್ವೆಯವರು ಎಷ್ಟು ಸಲ ಹೇಳಿದರೂ ಪ್ರತಿ ಮಳೆಗಾಲ ಅದೇ ಕಥೆ.

ಹಳೇಹುಬ್ಬಳ್ಳಿ ಹುಡುಗ

ನಾನು ಹೋಗಿದ್ದೆ 😬

ಲೋಂಡಾ ಲೈನ್

ಗೊತ್ತಿತ್ತು.

ಹಕ್ಕಿ ಹಿಂದೆ ಹೊರಟವನು

ಹಳೇ ಕಟ್ಟಡದಲ್ಲೇ ಇರಬೇಕು, ಬಚ್ಚಲೂ ಚೆನ್ನಾಗಿರಬೇಕು ಅನ್ನುವವರಿಗೆ ಗಣೇಶಗುಡಿಯ ಓಲ್ಡ್ ಮ್ಯಾಗಝೀನ್ ಹೌಸ್ ಇದೆ, ಜಂಗಲ್ ಲಾಡ್ಜಸ್‌ನವರದ್ದು. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡಲು ಮಾಡಿದ್ದ ಜಾಗ ಅದು. ಮ್ಯಾಗಝೀನ್ ಅಂದರೆ ಮದ್ದಿನ ಮನೆ. ನಮ್ಮ ಜೊತೆ ಬಂದಿದ್ದ ಒಬ್ಬರು ಹಳೇ ವಾರಪತ್ರಿಕೆಗಳು ಓದಲು ಸಿಗುತ್ತವೆ ಅಂದುಕೊಂಡು ಕನ್ನಡಕ ಎರಡು ಜೊತೆ ತಂದಿದ್ದರು.

ಅಲ್ಲಿ ಹಕ್ಕಿಗಳಿಗೆ ಅಂತ ಸಣ್ಣ ನೀರಿನ ತಟ್ಟೆಗಳನ್ನು ಇಟ್ಟಿರುತ್ತಾರೆ. ಕೂತಲ್ಲೇ ಕೂತು ನೋಡಬಹುದು, ಮೊಣಕಾಲು ನೋವಿದ್ದವರಿಗೆ ಹೇಳಿ ಮಾಡಿಸಿದ ಜಾಗ. ದಾಂಡೇಲಿ ಸುತ್ತಮುತ್ತ ಮಂಗಟ್ಟೆ ಹಕ್ಕಿಗಳೇ ನಾಲ್ಕು ಬಗೆ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆ ಸದ್ದು ಸ್ಟೀಮ್ ಇಂಜಿನ್ ಉಸಿರು ಬಿಟ್ಟ ಹಾಗೆ ಕೇಳುತ್ತೆ.

ರಾಣೆಬೆನ್ನೂರು ಎರೆಹೊಲ

ಹಕ್ಕಿ ಅಂದರೆ ನಮ್ಮ ಕಡೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇತ್ತು. ಕೃಷ್ಣಮೃಗದ ಅಭಯಾರಣ್ಯ 1974ರಲ್ಲಿ ಆಯಿತು, 119 ಚದರ ಕಿ.ಮೀ. ಕೃಷ್ಣಮೃಗ ಉಳಿದವು. ಎರೆಭೂತ ಹೋಯಿತು. ಬಯಲಿಗೆಲ್ಲ ನೀಲಗಿರಿ ನೆಟ್ಟರೆ ಅದು ಎಲ್ಲಿ ನಿಲ್ಲಬೇಕು ಪಾಪ, ಅದಕ್ಕೆ ಬೇಕಾದದ್ದು ಬರೀ ಹುಲ್ಲು.

ಕಾಡು ಬೇಕು ಕರೆಂಟ್ ಬೇಡ

ಭೀಮಗಡ ಯಾಕೆ ಯಾರೂ ಹೇಳ್ತಿಲ್ಲ? ಹೆಮ್ಮಡಗಾದಲ್ಲಿ ನೇಚರ್ ಕ್ಯಾಂಪ್ ಇದೆ. 2011ರಲ್ಲಿ ವನ್ಯಜೀವಿ ಧಾಮ ಆಗಿದೆ. ಮಹದಾಯಿ ಹುಟ್ಟುವುದೂ ಆ ಕಡೆಯೇ.

ನವಲಗುಂದ ನೀರು

ಮಹದಾಯಿ ಹುಟ್ಟುವುದು ಅಲ್ಲೇ, ಹರಿಯುವುದು ಅತ್ತ ಕಡೆ. ನಮ್ಮ ಪಾಲು ಎಲ್ಲಿ? ಎಷ್ಟು ವರ್ಷದಿಂದ ಕೂತಿದ್ದೇವೆ ಹೋರಾಟಕ್ಕೆ?

ಕಾಡು ಬೇಕು ಕರೆಂಟ್ ಬೇಡ

ಕಾಡು ಕಡಿದು ಕಾಲುವೆ ಮಾಡಿದರೆ ಮುಂದೆ ನೀರು ಹುಟ್ಟುವುದು ಎಲ್ಲಿಂದ ಅಂತ ಕೂಡ…

ನವಲಗುಂದ ನೀರು

ಮಲಪ್ರಭೆ ಒಣಗಿದಾಗ ಕುಡಿಯುವ ನೀರಿಗೆ ನಿಂತ ನಮ್ಮ ಅವ್ವಂದಿರ ಮುಂದೆ ಬಂದು ಇದೇ ಮಾತು ಹೇಳಿ ನೋಡೋಣ.

ನಿರ್ವಾಹಕ

ಇಬ್ಬರೂ ನಿಲ್ಲಿಸಿ. ಮಹದಾಯಿಗೆ ಬೇರೆ ಎಳೆ ಇದೆ, ನಾಲ್ಕುನೂರು ಪ್ರತಿಕ್ರಿಯೆ ಆಗಿವೆ, ಅಲ್ಲಿಗೆ ಹೋಗಿ. ಇಲ್ಲಿ ಬಂಗ್ಲೆ.

ಡಾಕ್ಟರ್ ಅಲ್ಲ ನರ್ಸ್

ಅಕ್ಕಾರೆ, ಬಿಪಿ ಮಾತ್ರೆ ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕೆ ಸಾಕಾಗುವಷ್ಟು ಇಟ್ಟುಕೊಳ್ಳಿ. ಕೋಲು ಒಂದು ಇರಲಿ. ರಾತ್ರಿ ಬಚ್ಚಲಿಗೆ ಏಳುವಾಗ ಜೊತೆಗೆ ಒಬ್ಬರು ಇರಬೇಕು, ಹಳೇ ಮನೆಗಳ ಹೊಸ್ತಿಲು ಎತ್ತರ, ಎಡವಿ ಬಿದ್ದವರನ್ನು ನಾನು ತುಂಬಾ ನೋಡಿದ್ದೇನೆ. ಬೂಟು ಹಾಕುವ ಮೊದಲು ಕೊಡವಿ, ಚೇಳು ಕೂತಿರುತ್ತೆ.

ಜನವರಿ ಅಂದಿರಿ. ಮಂಗನ ಕಾಯಿಲೆ ಬಗ್ಗೆ ಗೊತ್ತಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಉಣ್ಣೆ ಕಚ್ಚಿದರೆ ಬರುತ್ತೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ನೀವು ಹೋಗುವ ಜಾಗದಲ್ಲಿ ಇದೆ ಅಂತ ಹೇಳುತ್ತಿಲ್ಲ, ಹೆದರಬೇಡಿ. ಒಣ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ತೋಳಿನ ಬಟ್ಟೆ ಹಾಕಿ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗಾರ್ಡ್‌ಗೆ ಹೇಳಿ.

ಬ್ಯಾಡಗಿ ಖಾರ

ಜಿಗಣಿಗೆ ಏನು ಮಾಡಬೇಕು?

ಉಣಕಲ್ ಕೆರೆ

ಜನವರಿಯಲ್ಲಿ ಜಿಗಣಿ ಎಲ್ಲಿಂದ ಬರಬೇಕು? ಅದು ಮಳೆಗಾಲದ ಗಿರಾಕಿ. ಮಳೆಗಾಲದಲ್ಲಿ ಹೋದರೆ ಸುಣ್ಣ-ತಂಬಾಕು. ಕಾಲಿಗೆ ಹಚ್ಚಿ, ಬಾಯಿಗೆ ಅಲ್ಲ.

ಕಡಪಾ ಮೈದಾನ

ಊಟಕ್ಕೆ ಏನು ಮಾಡ್ತೀರಿ? ನನ್ನ ಅನುಭವದಲ್ಲಿ ಇದು ಮುಖ್ಯ ಪ್ರಶ್ನೆ. ಐಬಿಯಲ್ಲಿ ಹೋಟೆಲ್ ಇರಲ್ಲ. ಅಕ್ಕಿ, ಬೇಳೆ, ತರಕಾರಿ ನಾವೇ ಒಯ್ದು ಅಲ್ಲಿನ ವಾಚರ್‌ಗೆ ಕೊಟ್ಟರೆ ಮಾಡಿಕೊಡುತ್ತಾರೆ, ಅದೂ ಮೊದಲೇ ಕೇಳಿಕೊಂಡಿದ್ದರೆ. ಮೇಲೆ ನಮ್ಮದು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸವಣೂರು ಖಾರ. ಲೈನ್ ಬಜಾರ್‌ನ ಪೇಡೆ ಒಂದು ಡಬ್ಬಿ ವಾಚರ್ ಮನೆಗೆ ಅಂತ ಬೇರೆ ಇಡಿ. ಇದು ಲಂಚ ಅಲ್ಲ, ಧಾರವಾಡದವರ ಐಡಿ ಕಾರ್ಡ್.

ಹಳೇಹುಬ್ಬಳ್ಳಿ ಹುಡುಗ

ಪೇಡೆ ಒಯ್ದರೆ ಮುಸಿಯಾಗಳು ಬಿಡಲ್ಲ. ಕುಳಗಿಯಲ್ಲಿ ನನ್ನ ಕೈಯಿಂದಲೇ ಚಿಪ್ಸ್ ಕಿತ್ತುಕೊಂಡು ಹೋದವು.

ನಿವೃತ್ತ ಗುಂಗರಗಟ್ಟಿ

ಮುಸಿಯಾ ಅಲ್ಲ ತಮ್ಮಾ, ಕೈಯಿಂದ ಕಿತ್ತದ್ದು ಕೆಂಪು ಮೂತಿಯ ಮಂಗ ಇರಬೇಕು. ಮುಸಿಯಾ ಅಂದರೆ ಕಪ್ಪು ಮೂತಿಯದ್ದು, ಅವುಗಳ ಕೆಲಸ ಬೇರೆ, ಹಂಚು ಒಡೆಯುವುದು. ಒಂದು ಮರದಿಂದ ಮಾಡಿನ ಮೇಲೆ ಜಿಗಿದು ಇನ್ನೊಂದಕ್ಕೆ ಹೋಗುತ್ತವೆ. ಒಂದು ಹಂಚು ಸರಿದರೆ ಸಾಕು, ಒಂದು ಮಳೆಗಾಲದಲ್ಲಿ ರೀಪು ಕೊಳೆಯುತ್ತೆ, ಮುಂದಿನ ವರ್ಷ ಜಂತಿ, ಆಮೇಲೆ ಗೋಡೆ. ಹಳೇ ಬಂಗ್ಲೆಗಳು ಬಿದ್ದದ್ದು ಬಹಳ ಸಲ ಹೀಗೇ. ಇಪ್ಪತ್ತು ರೂಪಾಯಿ ಹಂಚಿಗೆ ಮಂಜೂರಾತಿ ಬರುವುದರೊಳಗೆ ಮಳೆ ಬಂದಿರುತ್ತಿತ್ತು. ನಾನಿದ್ದಾಗ ಒಬ್ಬ ವಾಚರ್ ಇದ್ದ. ಪ್ರತಿ ವರ್ಷ ಮೇ ಕೊನೆ ವಾರ ಯಾರನ್ನೂ ಕೇಳದೆ ತಾನೇ ಮಾಡು ಹತ್ತಿ ಕೈಯಾಡಿಸಿ ಬರುತ್ತಿದ್ದ. ಬಿದ್ದ ಬೇರೆ ಕಟ್ಟಡಗಳಿಂದ ಒಳ್ಳೆಯ ಹಂಚು ಆರಿಸಿ ಅಡುಗೆಮನೆ ಹಿಂದೆ ಜೋಡಿಸಿಟ್ಟಿದ್ದ. ಬಾಸೆಲ್ ಮಿಶನ್ ಮುದ್ರೆ ಇದ್ದ ಹಂಚುಗಳು. ಹೊಸದಕ್ಕೂ ಅದಕ್ಕೂ ಕೊಂಡಿ ಕೂರಲ್ಲ ಅಂತ ಅವನ ಲೆಕ್ಕ. ಅವನು ನಿವೃತ್ತಿ ಆದ ಮೂರನೇ ಮಳೆಗೆ ಆ ಬಂಗ್ಲೆಯ ಹಿಂದಿನ ಕೋಣೆ ಕೂತಿತು. ನಿನ್ನ ಅಪ್ಪನ ಬಂಗ್ಲೆ ಅಲ್ಲ ತಂಗಿ, ಇನ್ನೊಂದು.

ಹುಲಿ ಕಂಡೇ ಬರ್ತೀನಿ

ಹುಲಿ ಕಾಣುತ್ತಾ?

ಹಕ್ಕಿ ಹಿಂದೆ ಹೊರಟವನು

ಬಂದೇ ಬಂತು ಈ ಪ್ರಶ್ನೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಿದೆ, ಹುಲಿಯೂ ಇದೆ. ಆದರೆ ಕಾಡು ದಟ್ಟ, ಬಂಡೀಪುರದ ಹಾಗೆ ರಸ್ತೆ ಪಕ್ಕ ಕೂತಿರಲ್ಲ. ಬೇಕಿದ್ದರೆ ಪಣಸೋಲಿ ಗೇಟ್‌ನಿಂದ ಸಫಾರಿ ಹೋಗಿ. ಕಡವೆ, ಕಾಡುಕೋಣ ಸಿಕ್ಕರೆ ಸಂತೋಷಪಡಿ.

ಹುಲಿ ಕಂಡೇ ಬರ್ತೀನಿ

ಕರಿ ಚಿರತೆ? ಅದು ದಾಂಡೇಲಿಯಲ್ಲಿ ಮಾತ್ರ ಇರುವ ಬೇರೆ ಜಾತಿ ಅಂತ ಕೇಳಿದ್ದೆ.

ಹಕ್ಕಿ ಹಿಂದೆ ಹೊರಟವನು

ಬೇರೆ ಜಾತಿ ಅಲ್ಲ, ಚಿರತೆಯೇ. ಬಣ್ಣ ಮಾತ್ರ ಕಪ್ಪು. ಬಿಸಿಲಲ್ಲಿ ನೋಡಿದರೆ ಚುಕ್ಕೆ ಕಾಣುತ್ತವೆ. ಬೇರೆ ಕಡೆಯೂ ಇವೆ, ಈ ಕಾಡಿಗೆ ಹೆಸರು ಜಾಸ್ತಿ ಅಷ್ಟೇ.

ಚಕ್ಕಡಿ ಶಂಕ್ರಣ್ಣ

ಅಕ್ಕಾರೆ, ನೀವು ಚಕ್ಕಡಿ ಅಂದಿದ್ದಕ್ಕೆ ಉಳವಿ ನೆನಪಾಯಿತು. ನಮ್ಮೂರಿಂದ ಈಗಲೂ ಭಾರತ ಹುಣ್ಣಿಮೆ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಚನ್ನಬಸವಣ್ಣನ ಹತ್ತಿರ ಹೋಗುತ್ತೇವೆ. ಹಳಿಯಾಳ, ದಾಂಡೇಲಿ ದಾಟಿ ಕಾಡಿನ ದಾರಿ. ನಿಮ್ಮ ಅಪ್ಪ ಜಾತ್ರೆಗೆ ಹೋಗಿದ್ದಾರಾ ಕೇಳಿ. ರಾತ್ರಿ ಗಾಡಿ ಬಿಟ್ಟಾಗ ಎತ್ತು ಕಿವಿ ನೆಟ್ಟಗೆ ಮಾಡಿ ಒಂದೇ ಕಡೆ ನೋಡುತ್ತಾ ನಿಂತರೆ ನಮಗ್ಯಾರಿಗೂ ನಿದ್ದೆ ಬರಲ್ಲ. ಕಂದೀಲು ದೊಡ್ಡದು ಮಾಡಿ ಭಜನೆ ಶುರು ಮಾಡುತ್ತೇವೆ. ಭಕ್ತಿ ಅರ್ಧ, ಹೆದರಿಕೆ ಅರ್ಧ.

ಮಾಳಮಡ್ಡಿ ಮಗಳು

ಶಂಕ್ರಣ್ಣಾರೆ, ಕೇಳಿದೆ. ಹೋಗಿದ್ದಾರಂತೆ. ಎತ್ತಿನ ಕಿವಿ ವಿಷಯ ಹೇಳಿದ್ದಕ್ಕೆ ಅಪ್ಪ ಜೋರಾಗಿ ನಕ್ಕರು.

ಅರ್ಜಿ ಕೊಟ್ಟಿದ್ದೇನೆ. ಕಾರಣ ಅಂತ ಒಂದು ಸಾಲು ಬರೆಯಬೇಕಿತ್ತು. "ಪ್ರವಾಸ" ಅಂತ ಬರೆದು, ಆಮೇಲೆ ಅಪ್ಪನ ಕಥೆಯನ್ನು ಇನ್ನೊಂದು ಹಾಳೆಯಲ್ಲಿ ಬರೆದು ಪಿನ್ ಮಾಡಿದೆ. ಓದುತ್ತಾರೋ ಇಲ್ಲವೋ.

ಕಡಪಾ ಮೈದಾನ

ಓದುತ್ತಾರೆ. ಹೋಗಿ ಬಂದು ಇಲ್ಲಿ ಬರೆಯಲೇಬೇಕು. ಎಷ್ಟೋ ಜನ ಪ್ರಶ್ನೆ ಕೇಳಿ ನಾಪತ್ತೆ ಆಗ್ತಾರೆ.

ಮಾಳಮಡ್ಡಿ ಮಗಳು (ಜನವರಿ 21)

ನಾಪತ್ತೆ ಆಗಿಲ್ಲ! ಹೋಗಿ ಬಂದೆವು. ಎರಡು ರಾತ್ರಿ ಕೇಳಿದ್ದೆ, ಒಂದು ರಾತ್ರಿ ಸಿಕ್ಕಿತು.

ಬಂಗ್ಲೆ ಗಟ್ಟಿಯಾಗಿದೆ. ಮಾಡು ಸರಿ ಇದೆ, ಅಲ್ಲಲ್ಲಿ ಹೊಸ ಹಂಚು. ಒಳಗೆ ಎರಡು ಕೋಣೆ. ತಗ್ಗಾದ ಆರಾಮ ಕುರ್ಚಿ, ಕೈ ಎಷ್ಟು ಉದ್ದ ಅಂದರೆ ಕಾಲು ಚಾಚಿ ಅದರ ಮೇಲೆಯೇ ಇಡಬಹುದು. ಮಂಚ ಹೊಸದು, ಕಬ್ಬಿಣದ್ದು. ಗೋಡೆ ಮೇಲೆ ಹಲ್ಲಿಗಳು ನಮ್ಮ ಸಂಖ್ಯೆಯ ಮೂರು ಪಟ್ಟು. ಪಂಖಾದ ತೂತು ಹುಡುಕಿದೆ, ನಿವೃತ್ತ ಸರ್. ಇದೆ. ಈಗ ಅದರಲ್ಲಿ ಕರೆಂಟ್ ವೈರ್ ಹೋಗಿದೆ.

ಅಪ್ಪ ಕಾರಿಂದ ಇಳಿದವರು ಮುಂದಿನ ಮೆಟ್ಟಿಲ ಕಡೆ ಬರಲೇ ಇಲ್ಲ. ಕೋಲು ಊರಿಕೊಂಡು ನೇರ ಹಿಂದಕ್ಕೆ ಹೋದರು. ಮಾವಿನ ಮರ ಇಲ್ಲ, ಬುಡ ಇದೆ. ಅದರ ಮೇಲೆ ಸ್ವಲ್ಪ ಹೊತ್ತು ಕೂತರು. ಬಚ್ಚಲ ಹೊರಗಿನ ಬಾಗಿಲು ಇದೆ, ಆದರೆ ಬಣ್ಣ ಕಂದು. ಒಳಗಿನಿಂದ ಚಿಲಕ ಹಾಕಿತ್ತು. ಅಪ್ಪ ಹೊರಗಿನಿಂದ ಎರಡು ಸಲ ದೂಡಿದರು, ಬಿಟ್ಟರು. ವಾಚರ್ ಅಣ್ಣ "ಈ ಕಡೆಯಿಂದ ಯಾರೂ ಬರೂದಿಲ್ರೀ ಯಜಮಾನ್ರ, ಮುಂದಿನಿಂದ ಬರ್ರಿ" ಅಂದರು.

ಮುಂದಿನಿಂದ ಬಂದರು. ವರಾಂಡಾದಲ್ಲಿ ಚಪ್ಪಲಿ ಬಿಟ್ಟರು. ನಾವೆಲ್ಲ ಚಪ್ಪಲಿ ಹಾಕಿಕೊಂಡೇ ಒಳಗಿದ್ದೆವು! ಕೋಣೆ ದಾಟಿ ಬಚ್ಚಲಿಗೆ ಹೋಗಿ ಆ ಬಾಗಿಲ ಚಿಲಕ ತೆಗೆದರು. ತುಕ್ಕು ಹಿಡಿದಿತ್ತು, ಕೋಲಿನ ಹಿಂಬದಿಯಿಂದ ಬಡಿದು ತೆಗೆದರು. ಬಾಗಿಲು ತೆರೆದು ಒಳಗೇ ನಿಂತು ಹೊರಗೆ ನೋಡುತ್ತಿದ್ದರು. ನಾನು ಕರೆಯಲಿಲ್ಲ. ಆಮೇಲೆ ಬಂದು, "ಒಳಗಿಂದ ನೋಡಿದ್ರ ಗಾಡಿ ನಿಲ್ಲೋ ಜಾಗ ಪೂರಾ ಕಾಣ್ತದವಾ" ಅಂದರು. ಅಷ್ಟೇ.

ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ನಮಗೇ ನಿದ್ದೆ ಇಲ್ಲ. ಮಾಡಿನ ಮೇಲೆ ಏನೋ ಓಡಾಡುತ್ತಿತ್ತು, ಹಾರುವ ಅಳಿಲು ಅಂತೆ. ನನ್ನ ಗಂಡ ರಾತ್ರಿ ಎರಡಕ್ಕೆ ಎದ್ದು ಕೂತು "ರಿಸಾರ್ಟ್" ಅಂತ ಒಂದೇ ಒಂದು ಮಾತು ಹೇಳಿ ಮತ್ತೆ ಮಲಗಿದರು.

ಪೇಡೆ ಡಬ್ಬಿ ವಾಚರ್ ಅಣ್ಣನ ಮನೆಗೆ ಹೋಯಿತು. ಎಲ್ಲರಿಗೂ ಥ್ಯಾಂಕ್ಸ್, ನರ್ಸ್ ಅಕ್ಕಾರಿಗೆ ಇನ್ನೂ ಜಾಸ್ತಿ. ಹೊಸ್ತಿಲು ನಿಜಕ್ಕೂ ಎತ್ತರ.

ನಿವೃತ್ತ ಗುಂಗರಗಟ್ಟಿ

ಚಪ್ಪಲಿ ಬಿಟ್ಟರಾ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಬೂಟು ಬಿಚ್ಚಿ ಒಳಗೆ ಹೋದವನಲ್ಲ ತಂಗಿ.

ಹಾವೇರಿ ಮಾಸ್ತರ

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ಹಳೇಹುಬ್ಬಳ್ಳಿ ಹುಡುಗ

ಅಕ್ಕಾರೆ, ಎಲ್ಲಾ ಸರಿ, ಗೀಸರ್ ಇತ್ತಾ?

ಮಾಳಮಡ್ಡಿ ಮಗಳು

ಇತ್ತು. ಬೆಳಿಗ್ಗೆ ಕರೆಂಟ್ ಇರಲಿಲ್ಲ. ಹಿಂದಿನ ಹಂಡೆಯಲ್ಲಿ ನೀರು ಕಾಯಿಸಿದರು. ಕೋಣೆಯಲ್ಲಿ ನೀರು ಚೆಲ್ಲಿದರೆ ಅಪ್ಪ ಜಾರುತ್ತಾರೆ ಅಂತ ಹೊರಗಿನ ಬಾಗಿಲಿಂದಲೇ ಒಳಗೆ ತಂದೆವು. ಆರು ಬಕೆಟ್. ಹೊತ್ತದ್ದು ನನ್ನ ಗಂಡ.